ಮೆಸ್ಸಿನ ಲೆಕ್ಕ, ಅಜ್ಜಿಯ ಕೌದಿ

(ಹೆಸರು, ಓದಿನ ವಿಷಯ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಬ್ಬರೂ ಓದಿ ಒಪ್ಪಿದ ಮೇಲೆ ಪ್ರಕಟಿಸುತ್ತಿದ್ದೇನೆ.)

ಆಕೆಯನ್ನು ಶಾಂತಾ ಎಂದು ಕರೆಯೋಣ. ವಯಸ್ಸು 31. ವಿಜಯಪುರದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು, ಸ್ನಾತಕೋತ್ತರ ವಿದ್ಯಾರ್ಥಿನಿಯರ ಹಾಸ್ಟೆಲಿನಲ್ಲಿ ಅದು ಐದನೇ ವರ್ಷ. 2021ರ ಫೆಬ್ರುವರಿಯಲ್ಲಿ ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಹೇಳಿಕೊಂಡ ತೊಂದರೆ ಎರಡು. ರಾತ್ರಿ ಮೂರರವರೆಗೆ ನಿದ್ದೆಯಿಲ್ಲ. ಪ್ರಬಂಧದ ಕೊನೆಯ ಎರಡು ಅಧ್ಯಾಯ ಮುಂದೆ ಹೋಗುತ್ತಿಲ್ಲ.

"ಬರೀಲಿಕ್ಕೆ ಕುಂತ್ರ, ಕೆಳಗ ಮೆಸ್ಸಿನ್ಯಾಗ ಯಾರ ಏನ ಮಾತಾಡಾಕತ್ತಾರೋ ಅಂತ ಕಿವಿ ಅಲ್ಲೇ ಇರತೈತ್ರಿ ಮೇಡಂ."

ಓದಿನ ಒತ್ತಡ ಎಂದು ಬರೆದುಕೊಂಡು ಮುಗಿಸಬಹುದಿತ್ತು. ಆದರೆ ಗಡುವು ಆಕೆಯ ಬೆನ್ನು ಹತ್ತಿರಲಿಲ್ಲ. 2020ರ ಏಪ್ರಿಲ್ ಕೊನೆಯಲ್ಲೇ ಯುಜಿಸಿ ಸಂಶೋಧನಾ ವಿದ್ಯಾರ್ಥಿಗಳಿಗೆ ಆರು ತಿಂಗಳ ಹೆಚ್ಚುವರಿ ಅವಧಿ ಕೊಟ್ಟಿತ್ತು, ಆಮೇಲೆ ಅದನ್ನು ಮತ್ತೆ ಮುಂದಕ್ಕೆ ಹಾಕಿತು. ಸಮಯವಿತ್ತು, ಮನಸ್ಸು ಅಲ್ಲಿರಲಿಲ್ಲ. ಊಟ, ತೂಕ, ಅಳು ಎಲ್ಲವನ್ನೂ ವಿಚಾರಿಸಿದೆ. ಸಾಯಬೇಕು ಅನ್ನಿಸುತ್ತದೆಯೇ ಎಂದೂ ನೇರವಾಗಿ ಕೇಳಿದೆ. (ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ನಮ್ಮ ಕಡೆ ಬಹಳ. ಹಾಗಾಗುವುದಿಲ್ಲ. ಕೇಳದೆ ಬಿಡುವುದೇ ಅಪಾಯ.) ಅಂಥ ಯೋಚನೆ ಇರಲಿಲ್ಲ. ಇದ್ದಿದ್ದರೆ ಅಂದೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಮೂರನೇ ಭೇಟಿಯ ಹೊತ್ತಿಗೆ ಹಿಂದಿನ ವರ್ಷದ ಕಥೆ ಹೊರಬಂತು.

2020ರ ಮಾರ್ಚ್ 14ರಿಂದ ಒಂದು ವಾರ ಕಾಲೇಜು ಬಂದ್ ಎಂದಾಗ ಹುಡುಗಿಯರು ಒಂದೊಂದು ಬ್ಯಾಗು ಹಿಡಿದು ಊರಿಗೆ ಹೋದರು. ವಾರಕ್ಕೆ ಯಾರಾದರೂ ಹಾಸಿಗೆ ಹೊತ್ತುಕೊಂಡು ಹೋಗುತ್ತಾರೆಯೇ? ಸುಮಾರು ಎಂಬತ್ತು ಜನರಲ್ಲಿ ಉಳಿದವರು ಏಳು ಮಂದಿ, ಎಲ್ಲರೂ ಪಿಎಚ್‌ಡಿಯವರು. 24ರ ರಾತ್ರಿ ದೇಶವೇ ಬಂದ್ ಆಯಿತು. ಶಾಂತಾಳ ಊರು ಭೀಮಾ ದಂಡೆಯಲ್ಲಿದೆ, ಮನಸ್ಸು ಮಾಡಿದ್ದರೆ ಮೊದಲೇ ಹೋಗಬಹುದಿತ್ತು. ಹೋಗಲಿಲ್ಲ. ಹೋದರೆ ಅಪ್ಪ ವರ ನೋಡಲು ಶುರು ಮಾಡುತ್ತಾರೆ ಎಂಬುದು ಒಂದು ಕಾರಣ. ಇನ್ನೊಂದನ್ನು ಆಕೆ ಬಹಳ ತಡವಾಗಿ ಹೇಳಿದಳು: "ಮನ್ಯಾಗ ನಾ ದೊಡ್ಡ ಮಗಳು ಅಷ್ಟ. ಹಾಸ್ಟೆಲ್‌ದಾಗ ಅಕ್ಕಾ ಅಂತಿದ್ರು."

ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ವಾಪಸಾದ ಕೂಲಿ ಕುಟುಂಬಗಳನ್ನು ಇರಿಸಲು ಆ ಕಟ್ಟಡವನ್ನು ಕ್ವಾರಂಟೈನ್ ಕೇಂದ್ರ ಮಾಡಿದರು. ಆಗ ರಾಜ್ಯದ ಎಷ್ಟೋ ಹಾಸ್ಟೆಲುಗಳಿಗೆ ಬಂದದ್ದು ಇದೇ ಪಾಳಿ. ಖಾಲಿ ಮಾಡಲು ಎರಡು ದಿನ ಕೊಟ್ಟರು. ಬೀಗ ಒಡೆದು, ಇಲ್ಲದವರ ಸಾಮಾನನ್ನು ಚೀಲಕ್ಕೆ ತುಂಬಿ, ಮಾರ್ಕರಿನಲ್ಲಿ ಹೆಸರು ಬರೆದು ಒಂದು ಹಾಲಿನಲ್ಲಿ ಒಟ್ಟಿದವರು ಈ ಏಳು ಮಂದಿ. ಅದೂ ವಿಜಯಪುರದ ಮೇ ತಿಂಗಳ ಬಿಸಿಲಿನಲ್ಲಿ, ಮಾಸ್ಕ್ ಕಟ್ಟಿಕೊಂಡು. ಆಮೇಲೆ ಅವರನ್ನು ಬೇರೆ ಕಟ್ಟಡದ ಎರಡು ಕೋಣೆಗೆ ಹಾಕಿದರು.

ಮೆಸ್ ಸೆಕ್ರೆಟರಿ ಶಾಂತಾಳೇ. ಅಲ್ಲಿ ಡಿವೈಡಿಂಗ್ ಪದ್ಧತಿ: ರೇಷನ್, ಗ್ಯಾಸು, ಅಡುಗೆಯವರ ಪಗಾರ ಎಲ್ಲ ಕೂಡಿಸಿ ಉಂಡವರಿಗೆ ಹಂಚುವುದು. ಅಡುಗೆಯ ಆಯಿಗೆ ತಿಂಗಳಿಗೆ 8,000. ಎಂಬತ್ತು ಜನ ಇದ್ದಾಗ ತಲೆಗೆ ನೂರು ರೂಪಾಯಿ, ಏಳೇ ಜನ ಆದರೆ ಸಾವಿರದ ನೂರು ದಾಟುತ್ತದೆ. ಮೆಸ್ ಬಂದಾದ ಮೇಲೂ ಆಯಿಯನ್ನು ಕೈಬಿಡಬಾರದೆಂದು ಶಾಂತಾ ಎಲ್ಲರ ಡಿಪಾಸಿಟ್ಟಿನಿಂದ ಅರ್ಧ ಪಗಾರ ಕೊಡುತ್ತ ಬಂದಳು. ಏಪ್ರಿಲಿನಿಂದ ಅಕ್ಟೋಬರ್‌ವರೆಗೆ 28,000, ಅಂದರೆ ಒಬ್ಬೊಬ್ಬರಿಂದ 350. ವಾರ್ಡನ್ನಿಗೆ ಫೋನಿನಲ್ಲಿ ಹೇಳಿದ್ದಳು. ಹುಡುಗಿಯರನ್ನು ಕೇಳಿರಲಿಲ್ಲ.

ನವೆಂಬರ್ 17ರಿಂದ ತರಗತಿ ಶುರುವಾದವು. ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿ, ಪಾಲಕರ ಒಪ್ಪಿಗೆ ಪತ್ರ ಹಿಡಿದುಕೊಂಡು ಹುಡುಗಿಯರು ಬಂದರು. ಗೇಟಿನಲ್ಲಿ ಜ್ವರ ನೋಡುವ ಗನ್ನು ಹಿಡಿದು ನಿಂತವಳು ಶಾಂತಾ. ಮೂಗಿನ ಕೆಳಗೆ ಮಾಸ್ಕ್ ಇಳಿದರೆ ಕೂಗುವವಳೂ ಅವಳೇ, ಒಂದೇ ಕೋಣೆಯಲ್ಲಿ ನಾಲ್ವರು ಹರಟಿದರೆ ಬಾಗಿಲು ಬಡಿಯುವವಳೂ ಅವಳೇ. ಒಂದು ತಿಂಗಳಲ್ಲಿ "ಶಾಂತಕ್ಕ" ಹೋಗಿ "ಕರೋನಾ ಅಕ್ಕ" ಆಯಿತು. ಸಾಮಾನಿನ ಚೀಲ ಬಿಚ್ಚಿದಾಗ ಕೆಲವರ ನೋಟ್ಸ್ ಇರಲಿಲ್ಲ, ಒಬ್ಬಳ ಕಾಲ್ಗೆಜ್ಜೆ ಇರಲಿಲ್ಲ. ಎಂಎ ಎರಡನೇ ವರ್ಷದ ಒಬ್ಬ ಹುಡುಗಿಯ ಕೌದಿ ಇರಲಿಲ್ಲ. ಅವಳನ್ನು ರೇಖಾ ಅನ್ನೋಣ. ಡಿಪಾಸಿಟ್ಟಿನ 350 ರೂಪಾಯಿ ಎಲ್ಲಿ ಹೋಯಿತು ಎಂದು ಮೆಸ್ಸಿನಲ್ಲಿ ಎಲ್ಲರೆದುರು ಕೇಳಿದವಳು ಈ ರೇಖಾಳೇ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಹಾಸ್ಟೆಲು ಎರಡು ಪಾಲು.

ಇಂಥ ಪ್ರಕರಣದಲ್ಲಿ ನಮ್ಮ ವೃತ್ತಿಯವರು ಸಾಮಾನ್ಯವಾಗಿ ಎಲ್ಲರನ್ನೂ ಸುತ್ತ ಕೂಡಿಸಿ "ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳಿ" ಎನ್ನುತ್ತಾರೆ. ನನಗೆ ಅದರಲ್ಲಿ ನಂಬಿಕೆ ಕಡಿಮೆ. ಲೆಕ್ಕ ಬಾಕಿ ಇರುವಾಗ ಮನಸ್ಸು ಬಿಚ್ಚಿದರೆ ಪ್ರತಿ ಮಾತೂ ಸಾಕ್ಷಿ ಹೇಳಿಕೆಯಾಗುತ್ತದೆ. ಮುಗಿಸಲು ಸಾಧ್ಯವಿರುವ ಜಗಳವನ್ನು ಮೊದಲು ಮುಗಿಸಬೇಕು, ಮುಗಿಯದಂಥದ್ದು ಯಾವುದು ಎಂಬುದು ಆಗ ತಾನಾಗಿ ಕಾಣುತ್ತದೆ.

ಹೀಗಾಗಿ ಶಾಂತಾಳಿಗೆ ನಾನು ಹೇಳಿದ್ದು ನಿದ್ದೆಯ ಮಾತಿಗಿಂತ ಮೊದಲು ಲೆಕ್ಕದ ಮಾತು. ಏಪ್ರಿಲಿನಿಂದ ಇಲ್ಲಿಯವರೆಗಿನ ಜಮಾ ಖರ್ಚನ್ನು ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಹಚ್ಚು. "ಆಯಿಗೆ ಅರ್ಧ ಪಗಾರ, ನಿಮ್ಮನ್ನು ಕೇಳದೆ ಕೊಟ್ಟದ್ದು" ಎಂದೇ ಬರೆ.

ಆಕೆಗೆ ಸಿಟ್ಟು ಬಂತು. "ಮತ್ತ ಆಯಿನ್ನ ಉಪಾಸ ಕೆಡವಬೇಕಿತ್ತೇನ್ರಿ?"

ಕೊಟ್ಟದ್ದು ಸರಿಯೇ, ಕೇಳದೆ ಕೊಟ್ಟದ್ದು ಸರಿಯಲ್ಲ, ಎರಡೂ ಒಟ್ಟಿಗೆ ಇರಬಹುದು ಎಂದೆ. ಇನ್ನೊಂದು ಮಾತನ್ನೂ ನೆನಪಿಸಿದೆ. ಆಗ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ. ಕೆಲಸ ತಪ್ಪಿ ಕೂತ ಮನೆಯಿಂದ ಬಂದ ಹುಡುಗಿ 350 ರೂಪಾಯಿ ವಾಪಸ್ ಕೇಳಿದರೆ ಅವಳನ್ನು ಜಿಪುಣಿ ಅನ್ನಬಾರದು.

ವಾರ್ಡನ್ ಇನ್ನೊಂದು ಕೆಲಸದ ಜೊತೆಗೆ ಹೆಚ್ಚುವರಿ ಹೊಣೆ ಹೊತ್ತ ಉಪನ್ಯಾಸಕಿ, ಮನೆಯಲ್ಲಿ ಸಣ್ಣ ಮಗು. ಶಾಂತಾಳ ಒಪ್ಪಿಗೆ ಪಡೆದು ಅವರೊಡನೆ ಫೋನಿನಲ್ಲಿ ಮಾತಾಡಿದೆ. ಅವರು ಕೆಟ್ಟವರಲ್ಲ. ಚೆನ್ನಾಗಿ ನಡೆಸುವವಳು ಒಬ್ಬಳು ಸಿಕ್ಕಳೆಂದು ಎಲ್ಲವನ್ನೂ ಅವಳ ಮೇಲೆ ಬಿಟ್ಟಿದ್ದರು, ಅಷ್ಟೆ. ಸಹಪಾಠಿಗಳ ಮೇಲೆ ಕಾವಲು ಕಾಯುವ ಕೆಲಸವನ್ನು ಒಬ್ಬ ವಿದ್ಯಾರ್ಥಿನಿಗೆ ಕೊಡಬೇಡಿ, ಗೇಟಿನಲ್ಲಿ ಸಿಬ್ಬಂದಿಯೇ ನಿಲ್ಲಲಿ, ಮೆಸ್ ಹೊಣೆ ತಿಂಗಳಿಗೊಬ್ಬರಂತೆ ಸರದಿಯಲ್ಲಿ ತಿರುಗಲಿ ಎಂದು ಕೇಳಿಕೊಂಡೆ. ಒಪ್ಪಿದರು.

ಟೆರೇಸಿನ ಮೇಲೆ ದೂರ ದೂರ ಕೂತು ಲೆಕ್ಕದ ಸಭೆ ನಡೆಸಿದರು. ನಾನು ಹೋಗಿರಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. ಹಣ ಬೇಕೆಂದವರ ಮುಂದಿನ ಬಿಲ್ಲಿನಲ್ಲಿ ಕಳೆಯುವುದೆಂದು ತೀರ್ಮಾನವಾಯಿತು. ಹನ್ನೊಂದು ಜನ ಕೇಳಿದರು, ಉಳಿದವರು ಆಯಿಗೇ ಇರಲಿ ಎಂದರು. ಶಾಂತಾ ಕೀಲಿ, ಪುಸ್ತಕ, ಸಿಲಿಂಡರಿನ ಕಾರ್ಡು ಒಪ್ಪಿಸಿದಳು.

ರೇಖಾ ಹಣ ಕೇಳಲಿಲ್ಲ. ಸಭೆ ಮುಗಿದರೂ ಅವಳ ಸಿಟ್ಟು ಇಳಿದಿರಲಿಲ್ಲ. ಅಲ್ಲಿಗೆ, 350 ರೂಪಾಯಿಯ ಜಗಳ ಅವಳದ್ದಲ್ಲ ಎಂಬುದು ಖಚಿತವಾಯಿತು.

ಅವಳು ತಾನಾಗಿಯೇ ನನ್ನ ಬಳಿ ಬಂದಳು, ವಾರ್ಡನ್ ಹತ್ತಿರ ನಂಬರು ಪಡೆದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದಿಲ್ಲ ಎಂದು ಇಬ್ಬರಿಗೂ ಮೊದಲೇ ಸ್ಪಷ್ಟ ಮಾಡಿದ್ದೆ. ರೇಖಾಳ ಅಜ್ಜಿ 2020ರ ಜುಲೈನಲ್ಲಿ ತೀರಿಕೊಂಡಿದ್ದರು. ಕರೋನಾ ಅಲ್ಲ, ವಯಸ್ಸು. ಆದರೂ ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು. ಕೌದಿ ಅಜ್ಜಿಯ ಕೈಯದು, ಹಳೆಯ ಇಳಕಲ್ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು. ಮನೆಯಲ್ಲಿ ಅವರ ನೆನಪಿಗೆ ಬೇರೆ ಏನೂ ಉಳಿದಿಲ್ಲ, ಒಂದು ಫೋಟೋ ಬಿಟ್ಟರೆ.

ಅಷ್ಟೇ ಆಗಿರಲಿಲ್ಲ. ಡಿಸೆಂಬರಿನಲ್ಲಿ ರೇಖಾಳಿಗೆ ಪಾಸಿಟಿವ್ ಬಂತು. ಕೆಳಗಿನ ಒಂದು ಕೋಣೆಯಲ್ಲಿ ಪ್ರತ್ಯೇಕ ಇಟ್ಟರು. ಊಟ ತಂದವಳು ಶಾಂತಾ. ತಾಟನ್ನು ಬಾಗಿಲ ಹೊರಗೆ ನೆಲದ ಮೇಲಿಟ್ಟು, ಬಡಿದು, ಹಿಂದೆ ಸರಿದು ಹೋಗುತ್ತಿದ್ದಳು.

"ನಮ್ಮಜ್ಜಿ ಗೌಡರ ಹೊಲಕ್ಕ ಕೂಲಿಗೆ ಹೋದಾಗ ಹಿಂಗ ನೀಡತಿದ್ರಂತ್ರಿ. ದೂರಿಂದ. ಅಜ್ಜಿ ಹೇಳೂವಾಗ ನಗತಿದ್ಲು. ನನಗ ಆ ತಾಟ ನೋಡಿ ಉಣ್ಣಾಕ ಆಗ್ಲಿಲ್ಲ."

ಶಾಂತಾಳ ಮನಸ್ಸಿನಲ್ಲಿ ಅಂಥದ್ದೇನೂ ಇರಲಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ರೇಖಾಳಿಗೆ ಹೇಳಲಿಲ್ಲ. ಇನ್ನೊಬ್ಬಳ ಉದ್ದೇಶವನ್ನು ವಿವರಿಸುತ್ತ ಹೋದರೆ ಇವಳ ನೋವು ತಪ್ಪು ತಿಳಿವಳಿಕೆಯಾಗಿ ಕುಗ್ಗಿಬಿಡುತ್ತದೆ. ಅದು ತಪ್ಪು ತಿಳಿವಳಿಕೆಯಲ್ಲ. ಆ ವರ್ಷ ನಾವೆಲ್ಲ ಕಲಿತ ಅಂತರ, ಮುಟ್ಟಬೇಡ, ದೂರ ನಿಲ್ಲು ಎಂಬ ಮಾತುಗಳು, ಕೆಲವು ಮನೆಗಳಿಗೆ ಹೊಸವಾಗಿರಲಿಲ್ಲ. ಯಾವ ಆರೋಗ್ಯ ಸೂಚನೆಯನ್ನು ಬರೆದವರೂ ಅದನ್ನು ನೆನೆದಂತೆ ಕಾಣಲಿಲ್ಲ. ರೇಖಾಳಿಗೆ ಕೇಳಿದ್ದು ಒಂದೇ: ಇದನ್ನು ಶಾಂತಾಳಿಗೆ ಗೊತ್ತುಮಾಡಬೇಕು ಅನ್ನಿಸುತ್ತದೆಯೇ, ಅನ್ನಿಸಿದರೆ ನೀನೇ ಹೇಳುವೆಯಾ? ಯೋಚಿಸಲು ಎರಡು ವಾರ ತೆಗೆದುಕೊಂಡಳು.

ಅತ್ತ ಶಾಂತಾಳ ಜೊತೆ ಕೌದಿಯ ವಿಷಯ ನಾನು ಎತ್ತುವ ಮುಂಚೆ ಅವಳೇ ಎತ್ತಿದಳು. ತಾನು ತೆಗೆದುಕೊಂಡಿಲ್ಲ, ಚೀಲಕ್ಕೆ ಹಾಕಿದ ನೆನಪು ಸ್ಪಷ್ಟವಾಗಿದೆ, ಕ್ವಾರಂಟೈನಿನಲ್ಲಿದ್ದ ಯಾರಿಗಾದರೂ ಹೊದೆಯಲು ಕೊಟ್ಟಿರಬೇಕು, ಇಲ್ಲವೇ ಬಳಸಿದ ಹಾಸಿಗೆಯ ಜೊತೆ ಸುಟ್ಟಿರಬೇಕು. ಈ ಮಾತನ್ನು ರೇಖಾಳಿಗೆ ಎಷ್ಟು ಸಲ ಹೇಳಿದ್ದಾಳೋ. ನಾನು ಕೇಳಿದೆ: "ನಾ ತಗೊಂಡಿಲ್ಲ ಅಂದಿ. 'ನಿಮ್ಮಜ್ಜಿ ಕೌದಿ ನಮ್ಮ ಕೈಯಾಗ ಹೋತು' ಅಂತ ಒಮ್ಮೆ ಆದ್ರೂ ಅಂದೀಯೇನು?"

ಅಂದಿರಲಿಲ್ಲ. ಅಂದರೆ ಕಳ್ಳಿ ಎಂದು ಒಪ್ಪಿಕೊಂಡಂತೆ ಎಂಬ ಭಯ. ಕಳವಿನ ಮಾತು ಬೇರೆ, ಕಳೆದುಹೋದದ್ದರ ಮಾತು ಬೇರೆ. ರೇಖಾಳಿಗೆ ಬೇಕಾದದ್ದು ಎರಡನೆಯದು. ವಿವರಣೆ ಕೊಡಬೇಡ, ಮೇ ತಿಂಗಳ ಬಿಸಿಲಿನ ಕಥೆ ಹೇಳಬೇಡ, ಅಜ್ಜಿಯ ಬಗ್ಗೆ ಕೇಳು, ಸಾಧ್ಯವಾದರೆ ಸುಮ್ಮನೆ ಕೂತು ಕೇಳಿಸಿಕೋ. ಆಮೇಲೆ ಅವಳು ಏನನ್ನಾದರೂ ಹೇಳಿದರೆ, ಅದಕ್ಕೂ ಉತ್ತರ ಕೊಡಲು ಹೋಗಬೇಡ.

ಅವರು ಮಾತಾಡಿದರು. ತಾಟಿನ ಮಾತೂ ಬಂತಂತೆ. ಶಾಂತಾ ನನ್ನೆದುರು ಬಹಳ ಹೊತ್ತು ಅತ್ತಳು. ತಾನು ಸರಿಯಾಗಿಯೇ ಮಾಡಿದ ಕೆಲಸ ಇನ್ನೊಬ್ಬರಿಗೆ ಅವಮಾನವಾಗಿ ತಗಲಿತೆಂದರೆ ಅದನ್ನು ನುಂಗುವುದು ಕಷ್ಟ. ಆ ಅಳುವಿಗೆ ನಾನು ಸಮಾಧಾನ ಹೇಳಲಿಲ್ಲ.

ಹಾಸ್ಟೆಲಿಗೆ ಕೊಟ್ಟ ಸಲಹೆ ಮಾತ್ರ ಸಣ್ಣದು. ಪ್ರತ್ಯೇಕ ಕೋಣೆಯ ಮುಂದೆ ಒಂದು ಸ್ಟೂಲ್ ಇಡಿ, ತಾಟು ನೆಲಕ್ಕೆ ಹೋಗಬಾರದು. ತಂದವರು ಹೆಸರು ಹಿಡಿದು ಕರೆಯಲಿ, ಆರು ಅಡಿ ದೂರದಲ್ಲಿ ಮಾಸ್ಕ್ ಹಾಕಿಕೊಂಡೇ ನಿಂತು ಒಂದೆರಡು ನಿಮಿಷ ಮಾತಾಡಿ ಹೋಗಲಿ. ಸೋಂಕು ತಡೆಯಲು ಆಗ ಹೇಳುತ್ತಿದ್ದ ಅಂತರವೂ ಇಷ್ಟೇ.

ನಿದ್ದೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಶಾಂತಾಳಿಗೆ ಹೇಳಿದ್ದು ಇಷ್ಟು: ಮೆಸ್ಸಿನ ಮೇಲಿನ ಕೋಣೆ ಬಿಟ್ಟು ಹಿಂದಿನ ಸಾಲಿಗೆ ಹೋಗು. ಹಾಸ್ಟೆಲ್ ಗ್ರೂಪಿನ ಅಡ್ಮಿನ್ ಕೆಲಸ ಬಿಡು. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಆರಕ್ಕೆ ಏಳು, ಹಗಲು ಮಲಗಬೇಡ. ಪ್ರಬಂಧವನ್ನು ಕೋಣೆಯಲ್ಲಿ ಬರೆಯಬೇಡ, ವಿಭಾಗದಲ್ಲಿ ಕೂತು ಬರೆ. ಒಂದು ತಿಂಗಳಲ್ಲಿ ನಿದ್ದೆ ಹನ್ನೆರಡರ ಹೊತ್ತಿಗೆ ಬರತೊಡಗಿತು. ಬರದಿದ್ದರೆ ಮನೋವೈದ್ಯರನ್ನು ಕಾಣುವುದೆಂದು ಮೊದಲೇ ಮಾತಾಗಿತ್ತು. ಓದುಗರಲ್ಲಿ ಯಾರಿಗಾದರೂ ಬೇಕಾದರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಮನೋವೈದ್ಯರ ಕ್ಲಿನಿಕ್ ಇದೆ. 2022ರಿಂದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಬಂದ್ ಆಯಿತು. ಈ ಸಲ ಪ್ರತಿಯೊಬ್ಬಳೂ ತನ್ನ ಚೀಲ ತಾನೇ ಕಟ್ಟಿ, ಒಳಗಿನ ಸಾಮಾನಿನ ಪಟ್ಟಿ ಎರಡು ಪ್ರತಿ ಬರೆದು, ಒಂದನ್ನು ವಾರ್ಡನ್ ಕೈಗೆ ಕೊಟ್ಟು ಹೋದಳು. ಬೆಲೆಬಾಳುವ ಸಾಮಾನು, ಮನೆಯವರ ನೆನಪಿನ ಸಾಮಾನು ಇಲ್ಲಿ ಬಿಡಬಾರದೆಂಬ ಸಾಲನ್ನು ಸೂಚನೆಯಲ್ಲಿ ಸೇರಿಸಿದವಳು ರೇಖಾ. ಆಯಿಯ ಪಗಾರ ಎಷ್ಟು, ಯಾರಿಂದ ಎಂಬುದು ಹೊರಡುವ ಮುಂಚೆಯೇ ಗ್ರೂಪಿನಲ್ಲಿ ತೀರ್ಮಾನವಾಗಿತ್ತು. ಶಾಂತಾಳೂ ಊರಿಗೆ ಹೋದಳು. ವರನ ಮಾತು ಎತ್ತಿದ ಅಪ್ಪನಿಗೆ "ಪ್ರಬಂಧ ಕೊಟ್ಟ ಮ್ಯಾಲೆ ಮಾತಾಡೂನು" ಎಂದಳಂತೆ, ಜಗಳವಿಲ್ಲದೆ.

ಪ್ರಬಂಧ ಸಲ್ಲಿಸಿದ ಮೇಲೆ ಒಮ್ಮೆ ಬಂದಿದ್ದಳು. ರೇಖಾಳ ಜೊತೆ ಈಗ ಹಬ್ಬಕ್ಕೊಂದು ಮೆಸೇಜಿನಷ್ಟು ಮಾತು, ಮೊದಲಿನ ಸಲಿಗೆ ಬಂದಿಲ್ಲ, ಮತ್ತೊಮ್ಮೆ ಕೂತು ಮಾತಾಡಲೇ ಎಂದು ಕೇಳಿದಳು. ಬೇಡ ಎಂದೆ. ರೇಖಾ ತಾನಾಗಿ ಬಂದರೆ ಮಾತ್ರ.