ಪ್ರತಿಕ್ರಿಯೆ: ಬ್ರಾಡ್‌ಫರ್ಡ್‌ನ ಮಕ್ಕಳಿಗೆ ಉರ್ದು ಮಾತ್ರ ಸಾಲದು
ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಪಾಕಿಸ್ತಾನಿ ಕುಟುಂಬಗಳ ಮಕ್ಕಳಿಗೆ ಉರ್ದು ಕಲಿಸಿದರೆ ಅವರ ಸಾಂಸ್ಕೃತಿಕ ಗುರುತು ಉಳಿಯುತ್ತದೆಯೇ ಎಂದು ತಾವು ಕೇಳಿದ್ದೀರಿ. ಉರ್ದು ಬೇಕು, ಆದರೆ ಅದೊಂದೇ ಸಾಲದು. ಅಲ್ಲಿನ ಬಹಳಷ್ಟು ಕುಟುಂಬಗಳ ಮೂಲ ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಮೀರ್‌ಪುರ; 1960ರ ದಶಕದಲ್ಲಿ ಝೇಲಂ ನದಿಗೆ ಮಂಗ್ಲಾ ಅಣೆಕಟ್ಟು ಕಟ್ಟಿದಾಗ ಹಳೆಯ ಪಟ್ಟಣವೂ ಸುತ್ತಲಿನ ಹಳ್ಳಿಗಳೂ ಮುಳುಗಿ, ನೆಲೆ ಕಳೆದುಕೊಂಡವರಲ್ಲಿ ಅನೇಕರು ಮೊದಲೇ ಬ್ರಿಟನ್ನಿನಲ್ಲಿದ್ದ ಬಂಧುಗಳನ್ನು ನೆಚ್ಚಿಕೊಂಡು ಹೋಗಿ ಯಾರ್ಕ್‌ಶೈರ್‌ನ ಉಣ್ಣೆ ಗಿರಣಿಗಳ ರಾತ್ರಿಪಾಳಿಗೆ ಸೇರಿದರು. ಅವರ ಮನೆಮಾತು ಉರ್ದುವಲ್ಲ, ಪಂಜಾಬಿಗೆ ಹತ್ತಿರದ ಪಹಾಡಿ. ಅಜ್ಜಿ ರೊಟ್ಟಿ ಲಟ್ಟಿಸುತ್ತಾ ಪಹಾಡಿಯಲ್ಲಿ ಕೇಳಿದ್ದಕ್ಕೆ ಮೊಮ್ಮಗಳು ಇಂಗ್ಲಿಷಿನಲ್ಲಿ ಉತ್ತರಿಸುವ ಅಡುಗೆಮನೆಯಲ್ಲಿ ಉರ್ದು ಮೂರನೆಯ ಭಾಷೆಯೇ ಸರಿ. ಪಹಾಡಿಯನ್ನು ಹಳ್ಳಿಗರ ಮಾತೆಂದು ಮನೆಯವರೇ ಕೀಳಾಗಿ ಕಾಣುವುದು ನನಗೆ ತೀರ ನೋವಿನ ಸಂಗತಿ. ಮುಳುಗಿದ ಊರಿನ ಕಥೆಯನ್ನು ಅಜ್ಜಿಯ ಮಾತಿನಲ್ಲೇ ಮಕ್ಕಳಿಂದ ಧ್ವನಿಮುದ್ರಣ ಮಾಡಿಸಿ. ಉರ್ದು ತರಗತಿ ಅದರ ಜೊತೆಗೆ ನಡೆಯಲಿ.