ಕಾಸರಗೋಡಿನ ನಮ್ಮ ಸೀರೆ ಅಂಗಡಿಯ ವೆಬ್‌ಸೈಟ್‌ನಲ್ಲಿ ಫೋನ್ ನಂಬರ್ ಎಲ್ಲಿ ಹಾಕಬೇಕು?

ಪ್ರತಿ ಪುಟದ ತಲೆಯಲ್ಲೇ ಹಾಕಿ, ಅಡಿಯಲ್ಲಿ ವಿಳಾಸದ ಜೊತೆ ಇನ್ನೊಮ್ಮೆ. ಗೂಗಲ್‌ನಿಂದ ಬರುವವರು ಎಷ್ಟೋ ಸಲ ನೇರ ಯಾವುದೋ ಒಳಪುಟಕ್ಕೆ ಇಳಿಯುತ್ತಾರೆ, ನಿಮ್ಮ ಮುಖಪುಟ ನೋಡಿಯೇ ಇರುವುದಿಲ್ಲ. ಸುಮ್ನೆ ಹೆಸರು, ಸಂದೇಶ ತುಂಬಿ ಕಳಿಸುವ ಫಾರ್ಮ್ ಒಂದನ್ನೇ ಇಟ್ಟರೆ ಪಕ್ಕದ ಅಂಗಡಿಗೆ ಫೋನ್ ಮಾಡ್ತಾರೆ, ಅಲ್ವಾ?

ನಂಬರನ್ನು ಬ್ಯಾನರ್ ಚಿತ್ರದೊಳಗೆ ಬರೆಸಬೇಡಿ. ನೋಡಲು ಚಂದ, ಅಷ್ಟೇ. ಒತ್ತಿದರೆ ಕರೆ ಹೋಗದು. ಅಕ್ಷರದಲ್ಲೇ ಹಾಕಿ ‘ಟೆಲ್’ ಲಿಂಕ್ ಕೊಡಿಸಿ, ಅಂದರೆ ಮುಟ್ಟಿದ ಕೂಡಲೇ ಮೊಬೈಲ್‌ನಲ್ಲಿ ನಂಬರ್ ಸಮೇತ ಡಯಲ್ ಪರದೆ ತೆರೆಯುವ ಲಿಂಕ್.

ಲ್ಯಾಂಡ್‌ಲೈನ್ ಆದರೆ ಬರೀ ಆರಂಕಿ ಸಾಲದು. ಮಂಗಳೂರಿನವರಿಗೆ ಮುಂದೆ 04994 ಬೇಕು, ದುಬೈಯಲ್ಲಿರುವ ನಮ್ಮೂರವರಿಗೆ +91 4994. ಲಿಂಕಿನೊಳಗೆ +91 ಇರುವುದನ್ನೇ ಹಾಕಿ, ಇಬ್ಬರ ಮೊಬೈಲ್‌ನಿಂದಲೂ ಕರೆ ಹೋಗುತ್ತದೆ. ವಿಳಾಸ ಮಾತ್ರ ಕನ್ನಡ, ಮಲಯಾಳ ಎರಡರಲ್ಲೂ ಇರಲಿ.