ಇಬ್ಬರಿದ್ದರೆ ಸಾಲದೇ?

ಪತ್ರ: ಬೇಸಿಗೆ ಬಂದರೆ ನಮ್ಮ ಮನೆಯಲ್ಲಿ ನೆಲದ ಮೇಲೆ ಮನೆ ಬರೆದು ಕಾಯಿ ನಡೆಸುವ ಚೌಕಾಬಾರ ನಡೆಯುತ್ತಿತ್ತು. ಮಕ್ಕಳು ಬೆಂಗಳೂರು ಸೇರಿದರು. ಈಗ ನಾನು, ನನ್ನಾಕೆ ಇಬ್ಬರೇ. ಮೊನ್ನೆ ಮನೆ ಬರೆದು ಕೂತೆವು, ಸಪ್ಪೆ ಅನ್ನಿಸಿತು. ಎದುರಾಳಿಯ ಒಂದು ಕಾಯನ್ನೂ ಕಡಿಯದೆ, ಅಂದರೆ ಹೊಡೆಯದೆಯೂ, ನಮ್ಮ ಕಾಯಿಗಳನ್ನು ಒಳಮನೆಗೆ ಬಿಡೋಣ ಎನ್ನುತ್ತಾಳೆ ಆಕೆ. ಏನಂತೀರಿ?
– ಓದುಗರೊಬ್ಬರು, ಗಂಗಾವತಿ

ಉತ್ತರ: ನಾಲ್ವರಾಟದ ಗದ್ದಲಕ್ಕೆ ಸಾಟಿಯಿಲ್ಲ, ಒಪ್ಪಿದೆ. ಒಬ್ಬ ಕಾಯಿ ನಡೆಸುವಾಗ ಮೂವರು ಬುದ್ಧಿ ಹೇಳುವ ಸುಖ ಬೇರೆಯೇ. ಅಷ್ಟು ಹೇಳಿ ಅದನ್ನು ಬದಿಗಿಡುತ್ತೇನೆ.

ಸಪ್ಪೆಯಾದದ್ದು ಆಟವಲ್ಲ ಸ್ವಾಮಿ, ನೀವು ಕಾಯಿ ಹೂಡಿದ ರೀತಿ. ತಲಾ ನಾಲ್ಕೇ ಇಟ್ಟಿರಬೇಕು. ಹೊರಸುತ್ತಿಗೆ 16 ಮನೆ, ಅದರಲ್ಲಿ ನಾಲ್ಕು ಕಟ್ಟೆ, ಕಾಯಿ ಹೊರಡುವ, ಯಾರೂ ಕಡಿಯಲಾಗದ ಮನೆ. ಎಂಟು ಕಾಯಿ ಅಲ್ಲಿ ಅಡ್ಡಾಡಿದರೆ ಯಾರು ಯಾರ ಕೈಗೆ ಸಿಗಬೇಕು? ಎದುರುಬದುರಿನ ಎರಡು ಕಟ್ಟೆ ನೀವು ಹಿಡಿಯಿರಿ, ಉಳಿದೆರಡು ನಿಮ್ಮ ಮನೆಯವರಿಗೆ. ಹದಿನಾರೂ ಕಾಯಿ ಇಳಿಯಲಿ. ಆಮೇಲೆ ಸಪ್ಪೆ ಎಂದರೆ ನನಗೆ ಬರೆಯಿರಿ. ಪಗಡೆಯಲ್ಲೂ ಇಬ್ಬರೇ ಇದ್ದಾಗ ತಲಾ ಎರಡು ಬಣ್ಣ ಹಿಡಿಯುವುದುಂಟು.

ರಾಯಚೂರು ಕಡೆಯ ನಮ್ಮಜ್ಜಿ ಮತ್ತು ಆಕೆಯ ನಾದಿನಿ ಹೊಲದ ಪಾಲಿನ ವಿಷಯಕ್ಕೆ ಮಾತು ಬಿಟ್ಟಿದ್ದರು. ಆದರೂ ಊಟ ಮುಗಿದು ಬಿಸಿಲು ಏರಿದ ಮೇಲೆ ಪಡಸಾಲೆಯಲ್ಲಿ ಎದುರಾಬದುರು ಕೂರುತ್ತಿದ್ದರು. ಒಂದು ಮಗ್ಗುಲು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿದ ನಾಲ್ಕು ಹುಣಸೆ ಬೀಜ, ಒಡೆದ ಬಳೆಚೂರುಗಳೇ ಕಾಯಿ. ಬಾಯಿ ಬಿಟ್ಟರೆ "ಮೂರು", "ಚೌಕ" (ನಾಲ್ಕು), "ಬಾರ" (ಎಂಟು), ಅಷ್ಟೇ. ನಾಲ್ವರಲ್ಲಿ ಸೋತವನಿಗೆ ಬೈಯಲು ಮೂವರಿರುತ್ತಾರೆ. ಇಲ್ಲಿ ಒಬ್ಬಳೇ, ಅವಳ ಜೊತೆ ಮಾತಿಲ್ಲ! ಲೆಕ್ಕವಂತೂ ಇಬ್ಬರಿಗೂ ಬಾಯಿಪಾಠ: ನಾಲ್ಕು ಬೀಜ ಬೀಳುವ 16 ಬಗೆಯಲ್ಲಿ ಎರಡು ಬರುವುದು ಆರು ಸಲ, ಬಾರ ಒಂದೇ ಸಲ. ಹಾಗೆಂದು ಅವರು ಹೇಳುತ್ತಿರಲಿಲ್ಲ, ಆದರೆ ಬಾರವನ್ನು ನಂಬಿ ಕಾಯಿಯನ್ನು ಬಯಲಲ್ಲಿ ನಿಲ್ಲಿಸುತ್ತಿರಲಿಲ್ಲ.

ನಿಮ್ಮೂರಿಂದ ಆನೆಗೊಂದಿ ದಾಟಿದರೆ ಹಂಪಿ. ಮಂಟಪಗಳ ಕಲ್ಲುಹಾಸಿನ ಮೇಲೆ ಗೀರಿದ ಆಟದ ಮನೆಗಳನ್ನು ನೋಡಿ ಬನ್ನಿ. ಅಲ್ಲಿರುವ ಹುಲಿ-ಕುರಿ, ನವಕಂಕರಿ ಹುಟ್ಟಿದ್ದೇ ಇಬ್ಬರಿಗೆ. ಅವಕ್ಕೆ ಜನ ಸಾಲದು ಎಂದವರನ್ನು ನಾನು ಕಂಡಿಲ್ಲ.

"ಜನ ಇಲ್ಲ" ಎಂಬುದು ಈಗೀಗ ನಮ್ಮ ಕಡೆ ಎಲ್ಲಕ್ಕೂ ಸಿದ್ಧ ಉತ್ತರ. ಬಯಲಾಟ ಯಾಕೆ ನಿಂತಿತು? ಜನ ಇಲ್ಲ. ವಾಚನಾಲಯ ಯಾಕೆ ಬೀಗ? ಜನ ಇಲ್ಲ. ಇರುವ ಇಬ್ಬರನ್ನು ಕೂರಿಸಲು ಪಡಸಾಲೆಯಾದರೂ ಇದೆಯೇ? ಹೊಸ ಮನೆಗಳಲ್ಲಿ ಬಾಗಿಲು ತೆರೆದರೆ ಸೋಫಾ. ನುಣ್ಣನೆಯ ಟೈಲ್ಸ್ ಮೇಲೆ ಸೀಮೆಸುಣ್ಣವೂ ಹಿಡಿಯದು. ಪಗಡೆಯ ಬಗೆಯ ನಮ್ಮ ಪಚ್ಚೀಸನ್ನು ಇಂಗ್ಲೆಂಡಿನಲ್ಲಿ ಸರಳ ಮಾಡಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಲೂಡೋ ಎಂದು ಪೇಟೆಂಟ್ ಪಡೆದರು. ಅದನ್ನೇ ಮೊಬೈಲಿನಲ್ಲಿ ಗುರುತಿಲ್ಲದವರ ಜೊತೆ ಆಡುವ ನಮ್ಮ ಹುಡುಗರಿಗೆ ಪಕ್ಕದಲ್ಲಿ ಕೂತ ಅಜ್ಜಿ ಕಾಣಿಸುವುದಿಲ್ಲ.

ಇನ್ನು ನಿಮ್ಮ ಮನೆಯವರ ಸಲಹೆ. ಕ್ಷಮಿಸಲಿ, ಅದು ಬೇಡ. ಕಡಿಯದೆ ಒಳಗಿನ ಎಂಟು ಮನೆ ತೆರೆದರೆ ಇಬ್ಬರೂ ತಮ್ಮಷ್ಟಕ್ಕೆ ತಾವು ಕಾಯಿಗಳನ್ನು ನಡುಮನೆ ಸೇರಿಸಿ ಹಣ್ಣು ಮಾಡಿ ಎದ್ದು ಹೋಗುತ್ತೀರಿ. ನಮ್ಮಜ್ಜಿ ಒಮ್ಮೆ ನಾದಿನಿಯ ಕಾಯಿ ಕಡಿದಾಗ, "ಹೊಲಾನೂ ಹಿಂಗಾ ಹೊಡದಿ" ಅಂದಿದ್ದಳಂತೆ ಆಕೆ. ಎಷ್ಟೋ ದಿನದ ಮೇಲೆ ಅವರ ನಡುವೆ ಆದ ಮೊದಲ ಮಾತು ಅದು.